ಕೆಜಾಯಳೂ ಕಪ್ತಾನನ ಕೋಳಿಗಳೂ

ಆಂಗ್ಲ ಸೀಮೆಯಾದ ಸಾಮರ್ಸೆಟ್ಟಿನ ಕೆಜಾಯ ಬ್ರಿಂಬಲ್‌ಗೆ ಕಳ್ಳತನದ ಕೈಗುಣವೇ ಇರಲಿಲ್ಲ. ಊರ ಪಾದ್ರಿಯ ಕೋಳಿಯೊಂದನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಹೊರಟವಳು, ಎದುರಾದ ಪಾದ್ರಿಗೇ ನಿಂತು ನಮಸ್ಕರಿಸಿದಳು. ಕೋಳಿ ಕೊಕ್ ಎಂದಿತು. ನ್ಯಾಯಾಲಯದವರು ಅವಳನ್ನು ಹೆಣ್ಣು ಕೈದಿಗಳ ಹಡಗು ಹತ್ತಿಸಿ, ಸಾಗರದಾಚೆ ಕೈದಿಗಳನ್ನಿಡುತ್ತಿದ್ದ ಹೋಬಾರ್ಟ್‌ಗೆ ಅಟ್ಟಿದರು.

ನಡುದಾರಿಯಲ್ಲಿ ಕಪ್ತಾನನ ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸಿದವು. ಕಪ್ತಾನನ ಬಲಗೈಯಂತಿದ್ದ ಯೆಲಂಡ್, ಕೈದಿ ಹೆಂಗಸರನ್ನು ತುಂಬಿದ್ದ ಹಡಗಿನ ಕೆಳಗಿನ ಅಟ್ಟಕ್ಕೆ ಬಗ್ಗಿ ಕೇಳಿದ:

"ಕೋಳಿ ಸಾಕಿ ಅಭ್ಯಾಸ ಇರೋರು ಯಾರಾದ್ರೂ ಇದೀರೇನ್ರೇ?"

"ನಮ್ ಕೆಜಾಯ ಇದಾಳಲ್ಲ ದಣಿ! ಕೋಳಿ ಅಂದ್ರೆ ಪ್ರಾಣ. ಅದಕ್ಕೇ ಇಲ್ಲಿಗೆ ಬಂದಿರೋದು!" ಎಂದಳು ಪಕ್ಕದಲ್ಲಿ ಮಲಗುತ್ತಿದ್ದ ಡಾರ್ಕಸ್. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಜಾಯಳಿಗೆ ಕೋಳಿಗೂಡು ಗಂಟುಬಿತ್ತು. ತಾಜಾ ಗಾಳಿಯಾದರೂ ಸಿಕ್ಕಿತಲ್ಲ ಎಂದು ಅವಳೇನೂ ಬೇಸರಪಡಲಿಲ್ಲ.

ಒಂದು ಬೆಳಗ್ಗೆ ಬಿರುಗಾಳಿ ಎದ್ದು ಗೂಡು ಒಡೆಯಿತು. ಕೋಳಿಗಳು ಹಡಗಿನ ತುಂಬ ಚೆಲ್ಲಾಪಿಲ್ಲಿಯಾದವು. ಗಾಳಿ ಇಳಿದ ಮೇಲೆ ಕೆಜಾಯ ಹಗ್ಗದ ಸುರುಳಿಗಳ ಸಂದಿಯಿಂದ, ಹೆಂಗಸರ ಲಂಗಗಳ ಮರೆಯಿಂದ ಒಂದೊಂದನ್ನೇ ಹಿಡಿದು ತಂದಳು. ಚುಕ್ಕೆಯ ಹೇಂಟೆ ಮಾತ್ರ ಸಿಗಲಿಲ್ಲ.

"ಬೇಲೀನೇ ಎದ್ದು ಹೊಲ ಮೇಯ್ತಾ? ಹಳೇ ಚಾಳಿ ಬಿಡ್ಲಿಲ್ಲ ನೀನು. ಸಂಜೆಯೊಳಗೆ ಸಿಗದಿದ್ರೆ ತಲೆ ಬೋಳಿಸ್ತೀನಿ!" ಎಂದ ಯೆಲಂಡ್.

"ನಡುಸಮುದ್ರದಲ್ಲಿ ಕದ್ದು ಎಲ್ಲಿಗೆ ಓಡ್ಲಿ ದಣಿ? ಬೇಯಿಸೋಕೆ ನಿಮ್ ಅಡುಗೆಯವನ ಹತ್ರಾನೇ ಒಲೆ ಕೇಳ್ಬೇಕು!" ಎಂದಳು. ಬಾಯಿ ಜೋರಾಗಿದ್ದರೂ ಕೈ ತಾನಾಗಿ ಕೂದಲು ಸವರಿಕೊಳ್ಳುತ್ತಿತ್ತು.

ಅಷ್ಟರಲ್ಲಿ ವೈದ್ಯ ಲಸ್ಕಂಬ್‌ನ ಕೋಣೆಯಿಂದ ಕೊಕ್ಕೊಕ್ ಸದ್ದು ಕೇಳಿಸಿತು. ಕೈದಿಗಳ ಆರೋಗ್ಯ ನೋಡಬೇಕಾದ ಆ ಮಹಾಶಯ ಹಡಗು ಹತ್ತಿದಾಗಿನಿಂದ ವಾಂತಿಯ ಬಕೆಟ್ಟು ಬಿಟ್ಟವನಲ್ಲ. ಯೆಲಂಡ್ ಜೊತೆ ಒಳಗೆ ನುಗ್ಗಿದ ಕೆಜಾಯ ಕಂಬಳಿ ಎತ್ತಿದರೆ ವೈದ್ಯನ ಪಾದದ ಬಳಿ ಚುಕ್ಕೆಯ ಹೇಂಟೆ, ಅದರಡಿ ಮೊಟ್ಟೆ!

"ಕಾಲಿಗೆ ಯಾರೋ ಪುಣ್ಯಾತ್ಮರು ಬಿಸಿ ಇಟ್ಟಿಗೆ ಇಟ್ಟಿದಾರೆ ಅಂದ್ಕೊಂಡಿದ್ದೆ," ಎಂದು ನರಳಿದ ವೈದ್ಯ.

ಯೆಲಂಡ್ ಕೋಳಿಯತ್ತ ನೋಡುತ್ತ "ತಪ್ಪಾಯ್ತು" ಎಂದು ಗೊಣಗಿದ.

"ಕೋಳಿಗಲ್ಲ ದಣಿ. ನಂಗೆ ಹೇಳಿ."

ಹಿಂದೆಯೇ ಬಂದಿದ್ದ ಹೆಂಗಸರು ಬಾಗಿಲಲ್ಲಿ ಕತ್ತು ಚಾಚಿದರು. ಯೆಲಂಡನ ಕಿವಿ ಕೆಂಪಾಯಿತು. ಕೊನೆಗೆ ಟೋಪಿ ತೆಗೆದು, ಅವಳ ಮುಖ ನೋಡಿ, ಮತ್ತೊಮ್ಮೆ ಹೇಳಿದ. ಆ ದಿನವೆಲ್ಲ ಕೆಳಗಿನ ಅಟ್ಟದಲ್ಲಿ ಯಾರೂ ಯಾರ ಮೇಲೂ ರೇಗಲಿಲ್ಲ.

ಶಿಕ್ಷೆ ಮುಗಿದಾಗ ಕೆಜಾಯ ಊರಿಗೆ ಮರಳಬಹುದಿತ್ತು. "ಮತ್ತೆ ಹಡಗು ಹತ್ತೋದಾ? ನಂಗೇನು ಹುಚ್ಚಾ!" ಎಂದು ಹೋಬಾರ್ಟ್‌ನ ಬಡಗಿಯೊಬ್ಬನನ್ನು ಮದುವೆಯಾಗಿ, ಕಡಲು ಕಾಣದ ಬೀದಿಯಲ್ಲೇ ಮನೆ ಹೂಡಿದಳು.