ಶ್ವಾಸಕೋಶದ ರಕ್ತ

ಇದು ನಡೆದದ್ದು 2014ರ ಫೆಬ್ರವರಿಯಲ್ಲಿ. ಗಲ್ಫಿನ ಮರುಭೂಮಿಯಲ್ಲಿ, ಬನಿಯಾಸ್ ಪಟ್ಟಣದ ಆಚೆಯ ಒಂದು ಖಾಸಗಿ ತೋಟದಲ್ಲಿ ಜಿಂಕೆಗಳ ಆರೋಗ್ಯ ನೋಡಿಕೊಳ್ಳುವುದು ಆಗ ನನ್ನ ಕೆಲಸ. ನರಳುತ್ತಿದ್ದ ಮುದಿ ಗಂಡು ಜಿಂಕೆಯೊಂದನ್ನು ಕೊಲ್ಲಬೇಕಾಗಿತ್ತು. ಹೊಸದಾಗಿ ಬಿಲ್ಲು ಕೊಂಡಿದ್ದ ನಮ್ಮ ಮಂಗಳೂರಿನ ಮ್ಯಾನೇಜರ್ ತಾವೇ ಬಾಣ ಬಿಟ್ಟರು. ಜಿಂಕೆ ಪೊದೆಗಳ ಹಿಂದೆ ಓಡಿತು. ಬಾಣ ಸಿಗಲಿಲ್ಲ.

“ಎದೆಗೇ ಬಿದ್ದದ್ದು ಮಾರಾಯ,” ಎಂದರು ಮ್ಯಾನೇಜರ್.

ಸ್ವಲ್ಪ ದೂರ ಹೋದ ಮೇಲೆ ಮರಳಿನಲ್ಲಿ ಕೆಂಪು ಹನಿಗಳು ಕಂಡವು.

“ನೋಡು, ರಕ್ತ!”

ಜೊತೆಗಿದ್ದ ಕಾವಲುಗಾರ ಹಮೀದಾಕ ಗಕ್ಕನೆ ಬಾಯಿ ಮುಚ್ಚಿಕೊಂಡರು. ತೋಟದಲ್ಲಿ ಎಲೆಯಡಿಕೆ ಉಗಿದವನ ವೀಸಾ ಖಲಾಸ್ ಎಂದು ಮ್ಯಾನೇಜರ್ ಹಿಂದಿನ ವಾರವಷ್ಟೇ ಹೇಳಿದ್ದರು. ನಾನು ಬಗ್ಗಿ ನೋಡಿದೆ. ಹನಿಯಲ್ಲಿ ಅಡಿಕೆಯ ಚೂರಿತ್ತು.

“ಯಾವ ಭಾಗದ ರಕ್ತ ಇದು? ನೀನು ಸೈನ್ಸ್ ಓದಿದವನಲ್ವಾ?”

ಹಮೀದಾಕ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಊರಿನಲ್ಲಿ ಬೇರೆ ಕೆಲಸವಿರಲಿಲ್ಲ.

“ಶ್ವಾಸಕೋಶದ್ದು ಸರ್. ನೊರೆ ಇದೆ.”

“ನಾನು ಹೇಳಲಿಲ್ವಾ!”

ಮ್ಯಾನೇಜರ್ ಬಗ್ಗಿಕೊಂಡೇ ಜಾಡು ಹಿಡಿದು ನಡೆದರು. ಹನಿಗಳು ಒಂದು ಗಾಫ್ ಮರದ ನೆರಳಿನಲ್ಲಿ ದಟ್ಟವಾಗಿ ಬಿದ್ದಿದ್ದವು.

“ಪಾಪ, ಸುಸ್ತಾಗಿ ಇಲ್ಲಿ ಕೂತಿದೆ,” ಎಂದರು.

“ಹೌದು ಸರ್,” ಎಂದರು ಹಮೀದಾಕ, “ಅದು ದಿನಾ ಇಲ್ಲೇ ಕೂರುವುದು.”

ಮ್ಯಾನೇಜರ್ ತಲೆಯಾಡಿಸಿ, ಬೇಟೆ ಸಫಲ ಎಂದು ವರದಿ ಬರೆಯಲು ನನಗೆ ಹೇಳಿದರು. ಬರೆದೆ. ಸಂಜೆ ಮೇವಿಗೆ ಬಂದ ಜಿಂಕೆಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಮುದಿಯನೂ ಬಂದಿದ್ದ. ಗಾಯಗೊಂಡವು: ಸೊನ್ನೆ.