ಆಟದಲ್ಲಿ ಸುಮ್ಮನೆ ನಿಂತವನು

ಚೆನ್ನೈಗೆ ಬಂದ ಮೇಲೆ ನಾನು ಹಿಡಿದ ಕೆಲಸವನ್ನು ಮೈಸೂರಿನ ನೆಂಟರಿಗೆ ವಿವರಿಸುವುದೇ ಕಷ್ಟವಾಗಿತ್ತು. ಫೋನಿನಲ್ಲಿ ಆಡುವ ಒಂದು ಆಟ. ಐದೈದು ಜನರ ಎರಡು ತಂಡ. ಒಬ್ಬರ ಕೋಟೆಯನ್ನು ಇನ್ನೊಬ್ಬರು ಹಿಡಿಯಬೇಕು. ಯಾರಾದರೂ ನಡುವೆ ಬಿಟ್ಟುಹೋದರೆ, ಇಲ್ಲವೇ ಆಡದೆ ಸುಮ್ಮನೆ ನಿಂತರೆ, ಉಳಿದ ನಾಲ್ವರ ಆಟ ಕೆಡುತ್ತದೆ. ಅಂಥವರನ್ನು ಏಳು ದಿನ ಹೊರಗಿಡುತ್ತಿದ್ದೆವು. ಶಿಕ್ಷೆ ಅನ್ಯಾಯವೆಂದು ಬರೆದವರ ಮನವಿ ಓದಿ ತೀರ್ಮಾನ ಮಾಡುವುದು ನನ್ನ ಕೆಲಸ. ಕನ್ನಡದಲ್ಲಿ ಬಂದವೆಲ್ಲ ನನ್ನ ಮೇಜಿಗೇ.

ನಾನು ಕಟ್ಟುನಿಟ್ಟಿನವನು. ಕರೆಂಟ್ ಹೋಯಿತು, ಮಗು ಎದ್ದಿತು, ಬಾಗಿಲಿಗೆ ಯಾರೋ ಬಂದರು ಎಂದು ಏನೇ ಬರೆದಿರಲಿ, ‘ನಿಯಮ ಎಲ್ಲರಿಗೂ ಒಂದೇ’ ಎಂಬ ಸಿದ್ಧ ಉತ್ತರ ಹೋಗುತ್ತಿತ್ತು. ಆ ಸಾಲು ಬರೆದವನೂ ನಾನೇ. ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ನಮ್ಮ ಆಫೀಸಿನವರೆಲ್ಲ ವಾರಕ್ಕೆ ಹತ್ತು ಆಟ ಆಡಲೇಬೇಕೆಂದು ಇನ್ನೊಂದು ನಿಯಮವಿತ್ತು. ಆಟವೆಂದರೆ ನನಗೆ ಬೇಸರ. ಬೆಳಗ್ಗೆ ಮಾಂಬಲಂ ಸ್ಟೇಷನ್ನಿನಲ್ಲಿ ಆಟ ಶುರುಮಾಡಿ, ತಾಂಬರಂ ಗಾಡಿ ಬಂದೊಡನೆ ಫೋನನ್ನು ಹಾಗೇ ಜೇಬಿಗೆ ಹಾಕುತ್ತಿದ್ದೆ. ನನ್ನ ಯೋಧ ಕೋಟೆ ಬಾಗಿಲಲ್ಲಿ ಕಂಬದ ಹಾಗೆ ನಿಂತಿರುತ್ತಿದ್ದ. ಇಳಿಯುವಷ್ಟರಲ್ಲಿ ಲೆಕ್ಕಕ್ಕೆ ಒಂದು ಆಟ ಸೇರಿರುತ್ತಿತ್ತು. ಸ್ಟಾಫ್ ಖಾತೆಗಳಿಗೆ ಶಿಕ್ಷೆ ತಗಲುತ್ತಿರಲಿಲ್ಲ.

ಒಂದು ಗುರುವಾರ ಒಬ್ಬ ಹೆಂಗಸಿನ ಮನವಿ ಬಂತು. ‘ನಾನೊಂದೂರು, ನಮ್ಮಕ್ಕ ಒಂದೂರು. ಭಾನುವಾರ ಹತ್ತು ಗಂಟೆಗೆ ಇಬ್ಬರೂ ಸೇರಿ ಆಡ್ತೀವಿ. ನಿನ್ನೆ ಬೆಳಗ್ಗೆ ಅಭ್ಯಾಸಕ್ಕೆ ಅಂತ ಒಬ್ಬಳೇ ಆಡಿದೆ. ನಮ್ಮ ಕಡೆಯವರೊಬ್ಬರು ಮೊದಲಿಂದ ನಿಂತೇ ಇದ್ದರು. ಮೂರು ಸಲ ಕರೆದೆ, ಅಲ್ಲಾಡಲಿಲ್ಲ. ಸಿಟ್ಟು ಬಂದು ಬಿಟ್ಟುಹೋದೆ. ನನಗೆ ಏಳು ದಿನ. ಆ ನಿಂತವರಿಗೆ ಏನೂ ಇಲ್ಲವಾ?’

ಆ ಆಟದ ದಾಖಲೆ ತೆರೆದೆ. ನಿಂತೇ ಇದ್ದ ಖಾತೆ ನನ್ನದು.

ಮೊದಲು ಮಾಡಿದ್ದು ತಲೆಯೆತ್ತಿ ಅಕ್ಕಪಕ್ಕ ನೋಡಿದ್ದು. ಯಾರೂ ನನ್ನತ್ತ ನೋಡುತ್ತಿರಲಿಲ್ಲ. ಮನವಿ ಒಪ್ಪಬೇಕಾದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಆ ಖಾತೆ ಯಾರದೆಂದು ಕೇಳುತ್ತಾರೆ. ತಿರಸ್ಕರಿಸಲು ಏನೂ ಬರೆಯಬೇಕಿಲ್ಲ. ತಿರಸ್ಕರಿಸಿದೆ. ನಿಯಮ ಎಲ್ಲರಿಗೂ ಒಂದೇ ಎಂಬ ಸಾಲು ಆಕೆಗೂ ಹೋಯಿತು.

ಮರುದಿನ ಆಕೆ ಮತ್ತೆ ಬರೆದರು. ಜಗಳವಿರಬೇಕೆಂದು ತೆರೆದೆ. ‘ನೀವು ಹೇಳಿದ್ದು ಸರಿ. ಒಬ್ಬರು ತಪ್ಪು ಮಾಡಿದರು ಅಂತ ನಾನು ಉಳಿದ ಮೂವರನ್ನ ಬಿಟ್ಟು ಹೋಗಬಾರದಿತ್ತು. ತಪ್ಪಾಯ್ತು.’ ಆ ಉಳಿದ ಮೂವರು ನನಗೆ ನೆನಪೇ ಆಗಿರಲಿಲ್ಲ. ಉತ್ತರಿಸದೆ ಮನೆಗೆ ಹೋದೆ.

ಭಾನುವಾರ ಗೆಳೆಯರೊಡನೆ ತ್ರಿಪ್ಲಿಕೇನ್‌ನ ಮೆಸ್ಸೊಂದರಲ್ಲಿ ಪೊಂಗಲ್ ತಿನ್ನುತ್ತಿದ್ದೆ. ಗೋಡೆಯ ಗಡಿಯಾರದಲ್ಲಿ ಹತ್ತಾಯಿತು. ಅರ್ಧ ಪೊಂಗಲ್ ಬಿಟ್ಟು ಕೈ ತೊಳೆಯಲು ಎದ್ದೆ.

ಸೋಮವಾರ ನಮ್ಮ ಟೀಮ್ ಲೀಡ್ ಹತ್ತಿರ ಹೋದೆ. ಅವರದು ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡದ ಮನೆ. ಅವರ ಕನ್ನಡದಲ್ಲಿ ತಮಿಳು ಧಾರಾಳ. ದಾಖಲೆ ನೋಡಿ ಕನ್ನಡಕ ತೆಗೆದರು.

“ಇದು ನೀವೇನಾ?”

“ಹೌದು ಮೇಡಂ. ಟ್ರೇನಲ್ಲಿ ಹಾಗೇ ಬಿಟ್ಟಿದ್ದೆ.”

“ಗೊತ್ತಿದ್ದೂ ರಿಜೆಕ್ಟ್ ಮಾಡಿದ್ರಾ?”

“ಗೊತ್ತಿದ್ದೇ ಮಾಡಿದೆ.”

ಅವರು ಆಕೆಯ ಎರಡೂ ಪತ್ರ ಓದಿ ಮುಗಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು. “ಪಾವಂ, ಅವರ ಸಂಡೇ ಹೋಗೇ ಹೋಯ್ತು. ಸೆರಿ, ಈಗಲೇ ಬ್ಯಾನ್ ತೆಗೀರಿ. ಲೆಟರ್ ನೀವೇ ಬರೀರಿ. ಇನ್ಮೇಲೆ ಸ್ಟಾಫ್‌ಗೂ ಅದೇ ರೂಲ್. ಫಸ್ಟ್ ನಿಮಗೇ ಏಳು ದಿನ.”

‘ಅಲ್ಲಿ ನಿಂತಿದ್ದವನು ನಾನೇ, ನಿಮ್ಮ ಮನವಿ ತಿರಸ್ಕರಿಸಿದವನೂ ನಾನೇ’ ಎಂದು ಬರೆದು ತೋರಿಸಿದೆ. ಅವರು ಆ ಸಾಲು ಹೊಡೆದುಹಾಕಿದರು. “ಇಷ್ಟೆಲ್ಲ ವೇಂಡಾಂ. ನಮ್ಮ ಸ್ಟಾಫ್ ಒಬ್ಬರ ತಪ್ಪು ಅಂತ ಹಾಕಿ, ಪೋದುಂ, ಅಷ್ಟು ಸಾಕು.” ಸರಿ ಮೇಡಂ ಎಂದೆ. ಹಾಗೆನ್ನುವಾಗ ನನ್ನೊಳಗೆ ಎಷ್ಟು ಸಮಾಧಾನವಾಯಿತೆಂದರೆ, ಅದೊಂದು ಗಳಿಗೆಯ ನಾಚಿಕೆ ಮಿಕ್ಕೆಲ್ಲಕ್ಕಿಂತ ಹೆಚ್ಚು ದಿನ ಉಳಿದಿದೆ.

ಸಂಜೆ ಆಕೆಯ ಉತ್ತರ ಬಂತು. ‘ಥ್ಯಾಂಕ್ಸ್ ಸರ್. ನಿನ್ನೆ ಆಟದ ಬದಲು ಅಕ್ಕನ ಹತ್ತಿರ ಫೋನಲ್ಲಿ ಮಾತಾಡಿದ್ದಾಯ್ತು, ಪರವಾಗಿಲ್ಲ. ನಿಮ್ಮ ಸ್ಟಾಫ್‌ನವರಿಗೆ ಬೈಯಬೇಡಿ. ಪಾಪ, ಏನೋ ಕೆಲಸ ಬಂದಿತ್ತೇನೋ.’

ಆ ಬೆಳಗ್ಗೆ ಗಾಡಿಯಲ್ಲಿ ನನಗೆ ಕೆಲಸವೇನೂ ಇರಲಿಲ್ಲ, ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಹೊರಗೆ ನೋಡುತ್ತಾ ಕೂತಿದ್ದೆ.