ದಾರ ಕಟ್ಟಿದ ಲೋಟ

ಸ್ನೇಹಿತರೇ, ಇವತ್ತು ನನ್ನ ಪುಕ್ಕಲುತನ ಸಿಕ್ಕಿಬಿತ್ತು. ನಮ್ಮ ಯಜಮಾನರಿಗೆ ಗಂಟಲ ಕ್ಯಾನ್ಸರ್. ಬೀಡಿ, ಹೊಗೆಸೊಪ್ಪು ಮುಟ್ಟಿದವರಲ್ಲ. ಎಚ್‌ಪಿವಿ ಅನ್ನೋ ವೈರಸ್‌ನಿಂದ ಬಂದಿದೆ ಎಂದಿದ್ದರು ಡಾಕ್ಟರು. ವೈರಸ್ ಎಂದದ್ದೇ ತಡ, ಅವರ ಲೋಟಕ್ಕೆ ಗುರುತಿಗೆ ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದೆ.

ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದೆವು. ವಳ್ಳೂರಿನ ಸೋಲಾರ್ ಹಲಗೆಗಳು ದೂರದಲ್ಲಿ ತುಂಬಿದ ಕೆರೆಯಂತೆ ಹೊಳೆಯುತ್ತಿದ್ದವು. ಅದರೊಳಗೆ ಮೋಡ ತೇಲುತ್ತಿತ್ತು. ಅವರು ಕೈಲಿದ್ದ ಕಾಫಿ ಲೋಟದ ದಾರ ಸವರುತ್ತಾ, “ನನ್ನ ಹೊರಗಿಟ್ಬುಟ್ಟೆ ಅಲ್ವೇನೇ?” ಅಂದರು.

ತಕ್ಷಣ ಆಸ್ಪತ್ರೆಯ ನರ್ಸಮ್ಮನಿಗೆ ಫೋನು ಮಾಡಿದೆ. “ಲೋಟದಿಂದ ಬರಲ್ಲ ಕಣಮ್ಮ. ಅದು ಯಾವತ್ತೋ, ವರ್ಷಗಳ ಹಿಂದೆ ಮೈ ಸೇರಿರುತ್ತೆ. ಜೊತೇಲಿ ಉಣ್ಣಿ” ಎಂದು ನಕ್ಕರು.

ದಾರ ಬಿಚ್ಚಿದೆ. ಅವರು ಅರ್ಧ ಕುಡಿದ ಕಾಫಿಯನ್ನು ನನ್ನತ್ತ ತಳ್ಳಿ, “ಕುಡಿ ನೋಡಾನ” ಅಂದರು. ಕಣ್ಣು ಮುಚ್ಚಿ ಕುಡಿದೆ. ಸಕ್ಕರೆಯೇ ಇಲ್ಲ!

“ಹೇಳಬಾರದಾ?”

“ಗಂಟಲಿಗೆ ಆ ರೇಡಿಯೇಶನ್ ಕರೆಂಟ್ ಕೊಟ್ಟಾಗಿಂದ ನಾಲಗೇಲಿ ರುಚೀನೇ ಇಲ್ಲ ಕಣೆ. ನಂಗೆಂಗೆ ಗೊತ್ತಾಗ್ಬೇಕು?”

ಭಯದಲ್ಲಿ ಅವರ ಲೋಟಕ್ಕೆ ಸಕ್ಕರೆ ಹಾಕೋದನ್ನೇ ಮರೆತು ಎಷ್ಟು ದಿನ ಸಪ್ಪೆ ಕಾಫಿ ಕುಡಿಸಿದ್ದೆನೋ. ಲೋಟ ಬೇರೆ ಮಾಡದೆ ಮೊದಲಿನಂತೆ ಹಂಚಿಕೊಂಡು ಕುಡಿದಿದ್ದರೆ ನನಗಾದರೂ ಗೊತ್ತಾಗುತ್ತಿತ್ತು.